ಕೆರೆಯ ಬಸವನಹುಳು

ಬಸವನಹುಳುವಿಗೆ ಆ ಹೆಸರು ಹೇಗೆ ಬಂದಿತೆಂದು ನಮ್ಮ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ತಲೆಯ ಮೇಲೆ ಎರಡು ಕೋಡು, ಬೆನ್ನಿನ ಮೇಲೆ ಹಿಣಿಲಿನಂತೆ ಉಬ್ಬಿದ ಚಿಪ್ಪು, ಅವಸರವನ್ನೇ ಅರಿಯದ ನಡಿಗೆ. ಎತ್ತನ್ನು ನೋಡಿ ಪಳಗಿದ ಕಣ್ಣಿಗೆ ಅದು ಎತ್ತಿನಂತೆಯೇ ಕಾಣುತ್ತದೆ. ಹಳ್ಳಿಕಾರ್ ತಳಿಯ ದನಗಳನ್ನು ಕಟ್ಟಿ ಬಾಳಿದ ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತನಿಗೆ ಬೇರೆ ಹೋಲಿಕೆ ಹೊಳೆಯುವುದಾದರೂ ಹೇಗೆ? ಈ ಹುಳುವಿನ ದೂರದ ದಾಯಾದಿಯೊಂದು ಕಡಲಿನಲ್ಲಿದೆ. ಅದರ ತಲೆಯ ಮೇಲೂ ಕೋಡುಗಳುಂಟು. ಅವುಗಳಲ್ಲಿ ಒಂದು ಜೊತೆ ಮಾತ್ರ ತುಸು ಅಗಲವಾಗಿ, ಮೇಲಕ್ಕೆ ನಿಮಿರಿ ನಿಂತಿರುತ್ತದೆ. ಮೆಡಿಟರೇನಿಯನ್ ಸಮುದ್ರದ ತೀರದಲ್ಲಿದ್ದ ಪ್ರಾಚೀನರಿಗೆ ಅವು ಮೊಲದ ಕಿವಿಗಳಂತೆ ಕಂಡವು. ಆದ್ದರಿಂದ ಅದು ‘ಕಡಲ ಮೊಲ’ವಾಯಿತು. ರೋಮಿನ ಪ್ಲಿನಿ ಅದನ್ನು ಮಹಾ ವಿಷಜಂತುವೆಂದು ಬರೆದಿಟ್ಟ. ಒಂದೇ ಕುಲದ ಎರಡು ಪ್ರಾಣಿಗಳಲ್ಲಿ ಒಂದು ನಮ್ಮವರ ಬಾಯಿಯಲ್ಲಿ ಬಸವನಾಗಿ ಪೂಜ್ಯವಾದರೆ, ಇನ್ನೊಂದು ಅನ್ಯರ ಬಾಯಿಯಲ್ಲಿ ಮೊಲವಾಗಿಯೂ ನಂಜಿನ ಅಪವಾದವನ್ನು ಹೊತ್ತುಕೊಂಡಿತು.

ಕಡಲ ಮೊಲಕ್ಕೆ ಹೊರಗೆ ಕಾಣುವಂತಹ ಗಟ್ಟಿ ಚಿಪ್ಪಿಲ್ಲ. ಸಾಮಾನ್ಯವಾಗಿ ಮೈಯೊಳಗೆ ಅಡಗಿದ ತೆಳುವಾದ ಹಲ್ಲೆಯೊಂದಷ್ಟೇ ಉಳಿದಿರುತ್ತದೆ. ಕೆಣಕಿದರೆ ನೇರಳೆ ಬಣ್ಣದ ಮಸಿಯನ್ನು ಕಾರುತ್ತದೆ. ವರ್ಷದ ಬಹುಭಾಗ ಅದನ್ನು ಹುಡುಕಿದರೂ ಕಾಣದು. ಕಡಲ ಪಾಚಿ ಹುಲುಸಾಗಿ ಬೆಳೆಯುವ ಋತುವಿನಲ್ಲಿ ಮಾತ್ರ ಆಳವಿಲ್ಲದ ಬಂಡೆಗಳ ಮೇಲೆ ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತದೆ, ಸರಪಣಿಯಂತೆ ಒಂದರ ಹಿಂದೊಂದು ಸೇರಿ ಕೂಡುತ್ತದೆ, ಶಾವಿಗೆಯ ಎಳೆಗಳಂತಹ ಮೊಟ್ಟೆಯ ದಾರವನ್ನು ಪಾಚಿಗೆ ಸುತ್ತುತ್ತದೆ, ಬಳಿಕ ಕಣ್ಮರೆಯಾಗುತ್ತದೆ. ಅದರ ಆಯುಷ್ಯ ಹೆಚ್ಚು ಕಡಿಮೆ ಒಂದು ವರ್ಷ. ಈ ಪ್ರಾಣಿಯ ದೊಡ್ಡ ನರಕೋಶಗಳನ್ನು ಅಭ್ಯಾಸ ಮಾಡಿ, ನೆನಪೆಂಬುದು ಹೇಗೆ ಉಂಟಾಗುತ್ತದೆಂದು ತೋರಿಸಿದ ಎರಿಕ್ ಕ್ಯಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂತಹ ಪ್ರಾಣಿಯನ್ನು ನೋಡಲು ಜನರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುತ್ತಾರೆ. ಪ್ರತಿ ವರ್ಷವೂ ಅದೇ ಬಂಡೆಯ ಬಳಿ ಇಳಿದು, ಬಂದಿವೆಯೇ, ಎಷ್ಟು ಬಂದಿವೆ ಎಂದು ಗುರುತು ಹಾಕಿಕೊಳ್ಳುತ್ತಾರೆ.

ನಮಗೆ ಕಡಲಿಲ್ಲ. ಮಳವಳ್ಳಿಯಿಂದ ಕಡಲಿನ ದಂಡೆಗೆ ಹೋಗಬೇಕಾದರೆ ಘಟ್ಟವನ್ನು ಇಳಿಯಬೇಕು. ಆದರೆ ಊರಿಗೊಂದು ಕೆರೆಯಿದೆ. ಮುಳುಗುವ ಅಗತ್ಯವೂ ಇಲ್ಲದೆ, ತೂಬಿನ ಕಲ್ಲುಮೆಟ್ಟಿಲ ಮೇಲೆ ಕುಳಿತು, ಕಾಲನ್ನು ನೀರಿಗೆ ಇಳಿಬಿಟ್ಟು, ಕಡಲ ಮೊಲದ ದಾಯಾದಿಯನ್ನು ವರ್ಷವಿಡೀ ನೋಡಬಹುದು. ಮಳವಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ಸಂಜೆಯ ಹೊತ್ತು ನಾನು ಮಾಡುತ್ತಿದ್ದ ಕೆಲಸ ಇದೇ. ಕೈಯಲ್ಲೊಂದು ನೋಟು ಪುಸ್ತಕ, ಚೀಲದಲ್ಲೊಂದು ಭೂತಗನ್ನಡಿ. ಊರವರು ಮೊದಮೊದಲು ನಾನು ಮೀನಿಗೆ ಗಾಳ ಹಾಕುತ್ತಿದ್ದೇನೆಂದು ತಿಳಿದರು. ಗಾಳ ಕಾಣದಿದ್ದಾಗ, ಮೇಷ್ಟರಿಗೆ ಮನೆಯಲ್ಲಿ ಏನೋ ಬೇಸರವಿರಬೇಕೆಂದು ಮಾತಾಡಿಕೊಂಡರು.

ನಾನು ಹೇಳುತ್ತಿರುವುದು ಕೆರೆ, ಗದ್ದೆಗಳಲ್ಲಿರುವ ದುಂಡನೆಯ ಹುಳುವಿನ ವಿಷಯ. ಮಳೆಗಾಲದಲ್ಲಿ ತರಕಾರಿ ತೋಟಗಳನ್ನು ನುಂಗುವ ಉದ್ದನೆಯ ಚಿಪ್ಪಿನ ಬಸವನಹುಳು ಬೇರೆ. ಅದು ಆಫ್ರಿಕಾ ಮೂಲದ್ದು. 1847ರಲ್ಲಿ ಯಾರೋ ಒಬ್ಬ ಆಂಗ್ಲರು ಅದನ್ನು ಕೊಲ್ಕತ್ತಾದ ತೋಟವೊಂದಕ್ಕೆ ತಂದು ಬಿಟ್ಟರಂತೆ. ಅದರ ಸಂತಾನ ದೇಶವನ್ನೆಲ್ಲ ಸುತ್ತಿ ನಮ್ಮ ಹಿತ್ತಿಲಿಗೂ ಬಂದಿದೆ. ಕೆರೆಯ ಹುಳು ಈ ನೆಲದ್ದೇ. ಪ್ರಾಣಿಶಾಸ್ತ್ರಜ್ಞರು ಇದನ್ನು ‘ಪೈಲ’ ಎನ್ನುತ್ತಾರೆ. ಬೈನಿ ಪ್ರಸಾದ್ ಎಂಬ ಭಾರತೀಯ ವಿಜ್ಞಾನಿ 1925ರಲ್ಲಿ ಇದರ ಅಂಗರಚನೆಯನ್ನು ಕೂಲಂಕಷವಾಗಿ ವಿವರಿಸಿ ಪ್ರಕಟಿಸಿದರು. ಅಂದಿನಿಂದ ನಮ್ಮ ದೇಶದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದಿದ ತಲೆಮಾರುಗಳು ಇದನ್ನು ಮೇಣದ ತಟ್ಟೆಯಲ್ಲಿ ಗುಂಡುಸೂಜಿಗಳಿಂದ ಚುಚ್ಚಿ, ಕೊಯ್ದು, ಚಿತ್ರ ಬರೆದು ತೇರ್ಗಡೆಯಾದವು. ನಾನೂ ಅವರಲ್ಲೊಬ್ಬ. ಅದರ ಕರುಳು ಎಷ್ಟು ಸುತ್ತು ಸುತ್ತಿದೆಯೆಂದು ಬಲ್ಲ ವಿದ್ಯಾರ್ಥಿಗೆ, ಅದು ನೀರಿನಿಂದ ಮೇಲೆ ಬಂದು ಉಸಿರೆಳೆಯುವ ರೀತಿ ಗೊತ್ತಿರುತ್ತಿರಲಿಲ್ಲ. ಕೊಯ್ಯುವುದಕ್ಕಿಂತ ಮೊದಲು ನೋಡುವುದನ್ನು ಏಕೆ ಕಲಿಸಲಿಲ್ಲವೋ, ನನಗೆ ಇಂದಿಗೂ ಅರ್ಥವಾಗಿಲ್ಲ.

ಈ ಉಸಿರಾಟವೇ ಅದರ ಬಾಳಿನ ಗುಟ್ಟು. ಮೀನಿಗೆ ಕಿವಿರು ಇದೆ, ನಮಗೆ ಶ್ವಾಸಕೋಶವಿದೆ. ಇದಕ್ಕೆ ಎರಡೂ ಉಂಟು. ಚಿಪ್ಪಿನೊಳಗಿನ ಕೋಣೆಯ ಬಲಭಾಗದಲ್ಲಿ ಕಿವಿರು, ಎಡಭಾಗದಲ್ಲಿ ಶ್ವಾಸಕೋಶದಂತಹ ಒಂದು ಚೀಲ. ನೀರು ತಿಳಿಯಾಗಿರುವಾಗ ಕೆಳಗೇ ಇದ್ದು ಕಿವಿರಿನಿಂದ ಉಸಿರಾಡುತ್ತದೆ. ನೀರು ಕಲಕಿದಾಗ, ಕೊಳೆತಾಗ, ಬಿಸಿಲಿಗೆ ಕಾದಾಗ ಮೇಲಕ್ಕೆ ತೆವಳಿ ಬಂದು, ಕತ್ತಿನ ಎಡ ಮಗ್ಗುಲಿನ ಚರ್ಮವನ್ನು ಸುರುಳಿ ಸುತ್ತಿ ಕೊಳವೆಯಂತೆ ಮಾಡಿ, ಅದರ ತುದಿಯನ್ನು ನೀರಿನಿಂದ ಹೊರಗೆ ಚಾಚುತ್ತದೆ. ಆನೆ ಹೊಳೆಯನ್ನು ಈಜುವಾಗ ಸೊಂಡಿಲನ್ನು ಮೇಲೆತ್ತುವಂತೆ ಎಂದರೆ ಸರಿಯಾದೀತು. ಆಗ ಇಡೀ ದೇಹ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ತೂಗುತ್ತದೆ. ಒಂದು ಸಂಜೆ ಅಂತರಗಂಗೆಯ ಎಲೆಗಳ ನಡುವೆ ಇಂತಹ ಏಳೆಂಟು ಕೊಳವೆಗಳು ಒಟ್ಟಿಗೆ ಎದ್ದು ನಿಂತುದನ್ನು ನೋಡಿದೆ. ಶಬ್ದವಿಲ್ಲ, ಅಲೆಯಿಲ್ಲ, ನೀರೇ ಉಸಿರಾಡುತ್ತಿದೆಯೋ ಎಂಬಂತಿತ್ತು.

ಉಳಿದ ಅಂಗಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅರದಂತಹ ನಾಲಗೆಯಿಂದ ನೀರಿನ ಸಸ್ಯಗಳನ್ನು ಉಜ್ಜಿ ತಿನ್ನುತ್ತದೆ. ಕಣ್ಣುಗಳು ಕೋಡುಗಳ ಬುಡದಲ್ಲಿ ಮೋಟು ಕಂಬಗಳ ಮೇಲಿವೆ. ಆದರೆ ಅದರ ಬಾಗಿಲನ್ನು ಕುರಿತು ಹೇಳದೆ ಮುಂದೆ ಹೋಗುವಂತಿಲ್ಲ. ಹುಳುವಿನ ಪಾದದ ಹಿಂಭಾಗಕ್ಕೆ ಸುಣ್ಣಗಟ್ಟಿದ ಗಟ್ಟಿಯಾದ ಹಲ್ಲೆಯೊಂದು ಅಂಟಿಕೊಂಡಿರುತ್ತದೆ. ಹುಳು ಒಳಗೆ ಸರಿದಾಗ ಅದು ಚಿಪ್ಪಿನ ಬಾಯಿಗೆ ಸರಿಯಾಗಿ ಕೂಡಿಕೊಂಡು ಮುಚ್ಚಿಬಿಡುತ್ತದೆ. ಮರದ ಬುಡವನ್ನು ಕೊಯ್ದಾಗ ಕಾಣುವಂತಹ ಬೆಳವಣಿಗೆಯ ಉಂಗುರಗಳು ಅದರ ಮೇಲೂ ಇರುತ್ತವೆ. ಒಳಗಿನ ತೇವ ಹೊರಗೆ ಹೋಗದಂತೆ ಕಾಯುವ ಕದ ಅದು.

ಬೇಸಗೆಯಲ್ಲಿ ಈ ಕದದ ಬೆಲೆ ತಿಳಿಯುತ್ತದೆ. ಮಾಘ ಕಳೆದು ಕೆರೆ ಇಳಿಯತೊಡಗಿತೆಂದರೆ ಹುಳುಗಳು ನೀರಿನ ಅಂಚನ್ನು ಹಿಂಬಾಲಿಸಿ ಕೆರೆಯಂಗಳದ ನಡುವಿಗೆ ಸರಿಯುತ್ತವೆ. ಎಲ್ಲವೂ ಸರಿಯುವುದಿಲ್ಲ, ಕೆಲವು ಹಿಂದೆ ಉಳಿದು ಬಿಸಿಲಿಗೆ ಸಿಕ್ಕಿ ಸಾಯುತ್ತವೆ. ಉಳಿದವು ಕೆಸರು ಹಿಟ್ಟಿನಂತೆ ಮೆತ್ತಗಿರುವಾಗಲೇ ಅದರೊಳಕ್ಕೆ ಇಳಿಯುತ್ತವೆ. ಮೇಲಿನ ಮಣ್ಣು ಒಣಗುತ್ತದೆ, ಬಿರಿಯುತ್ತದೆ. ಹುಳು ಬಾಗಿಲು ಹಾಕಿಕೊಂಡು ಒಳಗೆ ಸುಮ್ಮನಾಗುತ್ತದೆ. ಉಣಿಸಿಲ್ಲ, ಚಲನೆಯಿಲ್ಲ. ಉಸಿರು ಇರುತ್ತದೆ, ಆದರೆ ಅತಿ ಕಡಿಮೆ. ಹೀಗೆ ಆರು ತಿಂಗಳು ಕಳೆಯುವುದು ಅದಕ್ಕೆ ಸಹಜ.

ನಮ್ಮ ಸೀಮೆಯಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಯನ್ನು ಕಲ್ಲಿನಿಂದ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮೇಲೆ ಓಡಾಡುವವನಿಗೆ ಕೆಳಗೆ ವರ್ಷದ ಅನ್ನವಿದೆಯೆಂಬ ಸುಳಿವೂ ಹತ್ತುತ್ತಿರಲಿಲ್ಲ. ಬೇಸಗೆಯ ಕೆರೆಯಂಗಳವೂ ಅಂಥದೇ ಹಗೇವು. ಅಲ್ಲಿ ಹುಡುಗರು ಚಿನ್ನಿದಾಂಡು ಆಡುತ್ತಾರೆ, ಕುರಿ ಮಂದೆ ಹಾಯುತ್ತದೆ, ಮದುವೆಯ ದಿಬ್ಬಣದ ಟ್ರಾಕ್ಟರು ಅಡ್ಡದಾರಿಯೆಂದು ನಡುವೆಯೇ ಹಾದುಹೋಗುತ್ತದೆ. ಅವರೆಲ್ಲರ ಕಾಲಡಿಯಲ್ಲಿ ನೂರಾರು ಬಾಗಿಲುಗಳು ಮುಚ್ಚಿಕೊಂಡು ಕಾಯುತ್ತಿರುತ್ತವೆ.

ಅವು ಯಾವುದಕ್ಕೆ ಕಾಯುತ್ತವೆ? ಪಂಚಾಂಗಕ್ಕಲ್ಲ. ಭರಣಿ ಬಂದಿತೆಂದೋ ರೋಹಿಣಿ ಕೂಡಿತೆಂದೋ ಹುಳು ಏಳುವುದಿಲ್ಲ. ತೇವ ಇಳಿದು ಅದರ ಬಾಗಿಲನ್ನು ಮುಟ್ಟಬೇಕು. ಒಂದು ಹದ ಮಳೆಯಿಂದ ಮೇಲಿನ ನಾಲ್ಕು ಬೆರಳು ಮಣ್ಣು ನೆನೆದರೆ ಅದು ಅಲುಗುವುದಿಲ್ಲ. ನೀರು ನಿಂತು, ಗಟ್ಟಿ ಮಣ್ಣು ಮತ್ತೆ ಕೆಸರಾಗಿ, ಆ ಕೆಸರು ಕದದ ಅಂಚಿಗೆ ತಾಗಿದಾಗ ಮಾತ್ರ ಬಾಗಿಲು ತೆರೆಯುತ್ತದೆ. ಕೆರೆಗೆ ಹೊಸ ನೀರು ಬಂದ ಎರಡು ಮೂರು ದಿನಗಳ ಮೇಲೆ ಬೆಳಗಿನ ಜಾವ ಹೋಗಿ ನೋಡಿದರೆ, ನಿನ್ನೆ ಬರಿದಾಗಿದ್ದ ದಡದಲ್ಲಿ ಹುಳುಗಳು ತುಂಬಿರುತ್ತವೆ. ಮಣ್ಣಿನ ಬಣ್ಣ ಇನ್ನೂ ಚಿಪ್ಪಿನಿಂದ ತೊಳೆದು ಹೋಗಿರುವುದಿಲ್ಲ.

ಎದ್ದ ಹುಳುವಿಗೆ ಎರಡೇ ಕೆಲಸ: ತಿನ್ನುವುದು, ಸಂತಾನವನ್ನು ಬೆಳೆಸುವುದು. ಕಡಲ ಮೊಲದ ಪ್ರತಿಯೊಂದು ಜೀವಿಯೂ ಗಂಡೂ ಹೌದು, ಹೆಣ್ಣೂ ಹೌದು. ಕೆರೆಯ ಹುಳುವಿನಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕೂಡಿದ ಜೊತೆ ಗಂಟೆಗಟ್ಟಲೆ ಬೇರ್ಪಡುವುದಿಲ್ಲ. ಅನಂತರ ಒಂದೆರಡು ದಿನಗಳಲ್ಲಿ ಹೆಣ್ಣು ನೀರನ್ನು ಬಿಟ್ಟು ದಡಕ್ಕೆ ಹತ್ತುತ್ತದೆ. ಇದು ಮೊದಲ ಬಾರಿ ನೋಡುವವರಿಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿ. ಇಷ್ಟು ದಿನ ನೀರಿಗಾಗಿ ಕಾದ ಪ್ರಾಣಿ, ನೀರು ಬಂದೊಡನೆ ತನ್ನ ಮೊಟ್ಟೆಗಳನ್ನು ನೀರಿನಿಂದ ದೂರ ಇಡುತ್ತದೆ! ಏರಿಯ ತೇವದ ಮಣ್ಣಿನಲ್ಲಿ, ಹುಲ್ಲಿನ ಬೇರುಗಳ ಮರೆಯಲ್ಲಿ, ಗದ್ದೆಯ ಬದುವಿನ ಸಣ್ಣ ಗುಳಿಯಲ್ಲಿ ಅದು ಕುಳಿತು ಒಂದೊಂದಾಗಿ ಮೊಟ್ಟೆಯಿಡುತ್ತದೆ. ಬಟಾಣಿ ಕಾಳಿನ ಗಾತ್ರದ, ಸುಣ್ಣ ಬಳಿದಂತಹ ಬಿಳಿಯ ಮೊಟ್ಟೆಗಳು. ಒಂದು ಗುಳಿಯಲ್ಲಿ ಇನ್ನೂರರಿಂದ ಎಂಟುನೂರರವರೆಗೂ ಇರುತ್ತವೆ. ಮರಿಗಳು ಹೊರಬರುವಾಗಲೇ ಅವಕ್ಕೆ ಪುಟ್ಟ ಚಿಪ್ಪು ಇರುತ್ತದೆ. ಬಂದ ಕೂಡಲೇ ಇಳಿಜಾರನ್ನು ಹಿಡಿದು ನೀರಿನ ಕಡೆಗೆ ಹೊರಡುತ್ತವೆ. ದಾರಿಯಲ್ಲಿ ಇರುವೆ, ಕೆಂಬೂತ, ಇಲಿ. ಎಂಟುನೂರರಲ್ಲಿ ಎಷ್ಟು ನೀರು ಸೇರುತ್ತವೆಯೆಂದು ಎಣಿಸಲು ಪ್ರಯತ್ನಿಸಿದ್ದುಂಟು. ಇರುವೆಗಳು ನನಗಿಂತ ಚುರುಕಾಗಿದ್ದವು.

ಹುಳುವಿನ ಋತುವನ್ನು ನೀರು ನಿರ್ಧರಿಸುವುದಾದರೆ, ನೀರನ್ನು ನಿರ್ಧರಿಸುವವರು ಯಾರು? ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ನೂರು ವರ್ಷಗಳಿಂದೀಚೆಗೆ ಬದಲಾಗಿದೆ. ಮೊದಲು ಅದು ಮಳೆ. ನಮ್ಮ ಕಡೆ ಮುಂಗಾರು ತೆಳುವು. ಕೆರೆ ತುಂಬುವುದು ಹೆಚ್ಚಾಗಿ ಉತ್ತರೆ, ಹಸ್ತ, ಚಿತ್ತೆಗಳಲ್ಲಿ. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟಲು ಆರಂಭವಾಯಿತು. 1930ರ ದಶಕದಲ್ಲಿ, ಹುಲಿಕೆರೆಯ ಗುಡ್ಡದಲ್ಲಿ ಕೊರೆದ ಸುರಂಗದ ಮೂಲಕ ನಾಲೆ ಹರಿಯಿತು. ಮೊದಲು ಇರ್ವಿನ್ ನಾಲೆಯೆನಿಸಿಕೊಂಡು ಮುಂದೆ ವಿಶ್ವೇಶ್ವರಯ್ಯ ನಾಲೆಯಾದ ಅದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಒಣಭೂಮಿಯನ್ನು ಗದ್ದೆಯಾಗಿಸಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ಈ ಚರಿತ್ರೆಯನ್ನು ಎಲ್ಲರೂ ಬಲ್ಲರು. ಕೆರೆಯ ಹುಳುವಿನ ಚರಿತ್ರೆಯೂ ಅದರೊಡನೆ ಬದಲಾಯಿತೆಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಮೂರೂ ತಾಲ್ಲೂಕುಗಳ ಗದ್ದೆಗಳನ್ನು ನೋಡಿಬರುತ್ತಿದ್ದೆ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದಾದ ಈ ಸಣ್ಣ ಸುತ್ತಿನಲ್ಲಿ ಒಂದೇ ಹುಳು ಮೂರು ಬಗೆಯ ವರ್ಷವನ್ನು ಕಳೆಯುತ್ತಿತ್ತು. ಮಂಡ್ಯದ ಸುತ್ತಿನ ಗದ್ದೆಗಳಲ್ಲಿ ನಾಲೆಯ ಬಸಿನೀರು ಬೇಸಗೆಯಲ್ಲೂ ಬತ್ತದಿದ್ದಲ್ಲಿ ಅದು ನಿದ್ದೆಯನ್ನೇ ಮರೆತಂತಿತ್ತು. ಫಾಲ್ಗುಣದಲ್ಲೂ ಕಾಲುವೆಯ ಜೊಂಡಿನಲ್ಲಿ ತೆವಳುತ್ತಿತ್ತು. ಮದ್ದೂರಿನ ಕಡೆ, ಶಿಂಷಾ ನದಿಯ ಮಡುಗಳಲ್ಲಿ ಕೆಲವು ಎಚ್ಚರವಾಗಿರುತ್ತಿದ್ದವು, ದಡದ ಗದ್ದೆಗಳಲ್ಲಿ ಕೆಲವು ಮಲಗಿರುತ್ತಿದ್ದವು. ನಾಲೆಯ ಕೊನೆಭಾಗವಾದ ನಮ್ಮ ಮಳವಳ್ಳಿಯ ಕಡೆ ನೀರು ಬರುವುದೂ ತಡ, ನಿಲ್ಲುವುದೂ ಬೇಗ. ಇಲ್ಲಿ ನಿದ್ದೆ ದೀರ್ಘ. ಕೊನೆಭಾಗದ ರೈತನ ಕಷ್ಟವನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಕೊನೆಭಾಗದ ಹುಳು ಅದೇ ಕಷ್ಟವನ್ನು ಬಾಯಿ ಮುಚ್ಚಿಕೊಂಡು ಅನುಭವಿಸುತ್ತದೆ.

ಇದರ ನಿದ್ದೆ, ಎಚ್ಚರಗಳನ್ನು ನಂಬಿಕೊಂಡ ಹಕ್ಕಿಯೊಂದುಂಟು. ಮದ್ದೂರು ತಾಲ್ಲೂಕೆಂದರೆ ಕೊಕ್ಕರೆ ಬೆಳ್ಳೂರು ನೆನಪಾಗುತ್ತದೆ. ಮನೆಯಂಗಳದ ಹುಣಸೆಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವ ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದರೆ ಆ ಹಕ್ಕಿಗಳು ಮೀನಿನವು. ಬಸವನಹುಳುವಿನ ಹಕ್ಕಿ ಬಾಯ್ಕಳಕ ಕೊಕ್ಕರೆ. ಇದರ ಕೊಕ್ಕನ್ನು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಅಡಕೆಯನ್ನು ಕತ್ತರಿಸಲು ಹೊರಟ ಅಡಕೊತ್ತಿನಂತೆ ಕಾಣುತ್ತದೆ. ಆ ಸಂದಿನಲ್ಲಿ ಹುಳುವನ್ನು ಇಟ್ಟು ಒಡೆಯುತ್ತದೆಯೆಂದು ಬಹುಕಾಲ ಜನರು ನಂಬಿದ್ದರು. ಅದು ತಿಂದುಬಿಟ್ಟ ಚಿಪ್ಪುಗಳನ್ನು ಗದ್ದೆಯಲ್ಲಿ ಆರಿಸಿ ನೋಡಿ, ಹೆಚ್ಚಿನವು ಒಡೆದಿರುವುದಿಲ್ಲ. ಕೆಳಕೊಕ್ಕಿನ ಮೊನೆಯನ್ನು ಕದದ ಅಂಚಿನಲ್ಲಿ ತೂರಿಸಿ, ಹುಳುವನ್ನು ಚಿಪ್ಪಿಗೆ ಬಿಗಿದಿರುವ ಸ್ನಾಯುವನ್ನು ಕತ್ತರಿಸಿ, ಮಾಂಸವನ್ನು ಮಾತ್ರ ಹೊರಗೆಳೆಯುತ್ತದೆ. ಇಷ್ಟು ನಾಜೂಕಾದ ಕೆಲಸವನ್ನು ಅದು ಕೆಸರು ನೀರಿನೊಳಗೆ, ಕಣ್ಣಿಗೆ ಕಾಣದಂತೆ ಮಾಡಿ ಮುಗಿಸುತ್ತದೆ. ಮರಿಗಳ ಕೊಕ್ಕಿನಲ್ಲಿ ಸಂದು ಇರುವುದಿಲ್ಲ; ಬೆಳೆದಂತೆ ಮೂಡುತ್ತದೆ. ಶ್ರೀರಂಗಪಟ್ಟಣದ ಬಳಿ, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಈ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನಾಟಿಯ ಗದ್ದೆಯಲ್ಲಿ ಇವು ಸಾಲಾಗಿ ನಡೆದು ಬರುವುದನ್ನು ಕಂಡರೆ ಕೂಲಿಯಾಳುಗಳ ಇನ್ನೊಂದು ತಂಡ ಬಂದಿತೇನೋ ಎನ್ನಿಸುತ್ತದೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಕನ್ನಂಬಾಡಿಯ ಮಟ್ಟ 124.80 ಅಡಿಯನ್ನು ಮುಟ್ಟಲಿಲ್ಲ. ಇದ್ದ ನೀರನ್ನು ಯಾರಿಗೆ ಎಷ್ಟು ಬಿಡಬೇಕೆಂಬ ವಿವಾದದಲ್ಲಿ ಮಂಡ್ಯದ ಬೀದಿಗಳಲ್ಲಿ ಚಳವಳಿ ನಡೆಯಿತು. ನಮ್ಮ ಕೆರೆಗೆ ಆ ವರ್ಷ ಬಂದ ನೀರು ತೂಬಿನ ಎರಡನೆಯ ಮೆಟ್ಟಿಲಿಗೂ ಏರಲಿಲ್ಲ. ಎಂದಿಗಿಂತ ಎರಡು ತಿಂಗಳು ಮೊದಲೇ, ಮಾರ್ಗಶಿರದಲ್ಲಿ, ಕೆರೆ ಒಂದು ಕೊಚ್ಚೆಯಷ್ಟಾಯಿತು. ಹುಳುಗಳು ಆ ಕೊಚ್ಚೆಯ ಸುತ್ತ ಒತ್ತೊತ್ತಾಗಿ ಮಣ್ಣಿಗಿಳಿದವು. ಅವು ಇಳಿದ ಜಾಗಕ್ಕೆ ನಾನು ನಾಲ್ಕು ಗೂಟ ನೆಟ್ಟು ಗುರುತು ಮಾಡಿದೆ.

ಬರಗಾಲದಲ್ಲಿ ಊರವರಿಗೆ ಮಾಡಲು ಒಂದು ಒಳ್ಳೆಯ ಕೆಲಸವಿರುತ್ತದೆ; ಅದು ಕೆರೆಯ ಹೂಳೆತ್ತುವುದು. ನೀರಿದ್ದಾಗ ಎತ್ತಲಾಗದು, ನೀರಿಲ್ಲದಾಗ ಎತ್ತದೆ ಬಿಟ್ಟರೆ ಮುಂದಿನ ಮಳೆಗೆ ಕೆರೆಯಲ್ಲಿ ಜಾಗವಿಲ್ಲ. 2024ರ ಮಾರ್ಚಿಯಲ್ಲಿ ಜೆಸಿಬಿ ಯಂತ್ರವೊಂದು ಕೆರೆಗೆ ಇಳಿಯಿತು. ಟ್ರಾಕ್ಟರುಗಳು ಸಾಲುಗಟ್ಟಿ ಹೂಳನ್ನು ಹೊಲಗಳಿಗೆ ಸಾಗಿಸಿದವು. ಹೂಳೆಂದರೆ ಗೊಬ್ಬರ, ಯಾರಿಗೆ ಬೇಡ? ಯಂತ್ರದ ಬಾಯಿಯಿಂದ ಮಣ್ಣು ಸುರಿಯುವಾಗ ಹುಳುಗಳು ಆಲೂಗಡ್ಡೆಗಳಂತೆ ಉರುಳುತ್ತಿದ್ದವು. ಏಡಿ ಹಿಡಿದು ಅಭ್ಯಾಸವಿದ್ದ ಕೆಲವರು ಅವನ್ನು ಆರಿಸಿ ಬುಟ್ಟಿಗೆ ಹಾಕಿಕೊಂಡರು. ಉಳಿದವು ಮಣ್ಣಿನೊಡನೆ ಬಿಸಿಲಿನ ಹೊಲಕ್ಕೆ ಹೋದವು.

ಏರಿಯ ಮೇಲೆ ನಮ್ಮ ಕೆರೆಯ ನೀರುಗಂಟಿ ಕುಳಿತಿದ್ದ. ಅಚ್ಚುಕಟ್ಟಿಗೆ ನೀರು ಹಂಚುವುದು ಅವನ ಮನೆತನದ ಕೆಲಸ. ವಯಸ್ಸು ಎಪ್ಪತ್ತು ದಾಟಿತ್ತು. ನಾನು ಹುಳುಗಳ ಮಾತೆತ್ತಿದೆ.

“ಹೂಳು ತಗೀಬೇಡಿ ಅಂತೀರಾ ಮೇಷ್ಟ್ರೇ?” ಎಂದ.

“ಹಾಗಲ್ಲ ಅಣ್ಣ. ಒಂದೇ ಸಲ ಎಲ್ಲವನ್ನೂ ತೆಗೆಯುವುದು ಬೇಡ ಎನ್ನುತ್ತೇನೆ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಳ ಇರೋ ಕೆರೇಲಿ ಕೊಕ್ಕರೆ ಇಳೀತದೆ. ಕೊಕ್ಕರೆ ಇಳಿದ ಗದ್ದೇಲಿ ಭತ್ತ ಚೆಂದಾಗಿ ಬತ್ತದೆ ಅಂತಿದ್ರು ನಮ್ಮಪ್ಪ. ನಿಜವೋ ಸುಳ್ಳೋ ನಾ ಕಾಣೆ. ಯಾವ್ ಕಡೆ ಬುಡಬೇಕು, ತೋರ್ಸಿ,” ಎಂದು ಎದ್ದ.

ಅವನ ತಂದೆಯ ಮಾತಿಗೆ ನನ್ನಲ್ಲಿ ಶಾಸ್ತ್ರದ ಆಧಾರವಿರಲಿಲ್ಲ. ಆದರೆ ಆ ದಿನ ನನ್ನ ವಿಜ್ಞಾನಕ್ಕಿಂತ ಆ ಮಾತೇ ಹೆಚ್ಚು ಕೆಲಸ ಮಾಡಿತು. ಯಂತ್ರದ ಚಾಲಕನೂ ಊರಿನ ಮುಖಂಡರೂ ನೀರುಗಂಟಿಯ ಮಾತನ್ನು ತೆಗೆದುಹಾಕಲಿಲ್ಲ. ತೂಬಿನಿಂದ ಕೋಡಿಯ ಕಡೆಗಿನ ಭಾಗದಲ್ಲಿ ಹೂಳೆತ್ತಿದರು. ನನ್ನ ಗೂಟಗಳಿದ್ದ ಭಾಗ ಮುಂದಿನ ಸಲಕ್ಕೆ ಉಳಿಯಿತು. ಅರ್ಧ ಕೆರೆಯ ಹೂಳು ಉಳಿದುದಕ್ಕೆ ಗೊಣಗಿದವರೂ ಇದ್ದರು. ಅವರ ಗೊಣಗಾಟ ಅನ್ಯಾಯವೆಂದು ಹೇಳಲಾರೆ. ಬರಗಾಲದಲ್ಲಿ ಒಂದು ಗಾಡಿ ಗೋಡುಮಣ್ಣಿಗೂ ಬೆಲೆಯಿದೆ.

ಬಳಿಕ ಕಾಯುವ ಸರದಿ ನನ್ನದಾಯಿತು. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದವು. ಮೇಲಿನ ಒಂದು ಗೇಣು ನೆನೆಯಿತು. ಒಂದು ಹುಳುವೂ ಏಳಲಿಲ್ಲ. ತಿಂಗಳುಗಳೇ ಕಳೆದಿದ್ದವು. ಗೂಟಗಳ ನಡುವೆ ಒಂದು ಕಡೆ ಗುದ್ದಲಿಯಿಂದ ಮೆಲ್ಲನೆ ಅಗೆದು ನಾಲ್ಕು ಹುಳುಗಳನ್ನು ತೆಗೆದು ನೋಡಿದೆ. ಒಂದು ಹಗುರಾಗಿತ್ತು, ಅಲುಗಿಸಿದರೆ ಒಳಗೆ ಒಣಗಿದ ಸದ್ದು. ಇನ್ನುಳಿದ ಮೂರು ಕೈಗೆ ಭಾರವಾಗಿದ್ದವು, ಕದ ಬಿಗಿಯಾಗಿತ್ತು. ಬದುಕಿವೆಯೆಂದು ಹೇಳಲು ಆ ಭಾರವೊಂದೇ ಸಾಕ್ಷಿ. ಇದ್ದಂತೆಯೇ ಇಟ್ಟು ಮಣ್ಣು ಮುಚ್ಚಿದೆ.

ಜುಲೈ ಕೊನೆಯ ಹೊತ್ತಿಗೆ ಕೊಡಗಿನ ಮಳೆಯಿಂದ ಕನ್ನಂಬಾಡಿ ತುಂಬಿತು. ನಾಲೆಯ ನೀರು ಮಂಡ್ಯವನ್ನು ದಾಟಿ, ಕವಲೊಡೆದು, ಒಂದೊಂದೇ ಊರಿನ ತೂಬನ್ನು ತಣಿಸಿ ನಮ್ಮ ಕೆರೆಗೆ ಬರುವಾಗ ಆಗಸ್ಟ್ ಅರ್ಧ ಕಳೆದಿತ್ತು. ನೀರು ಮೊದಲು ಇಳಿದದ್ದು ಹೂಳೆತ್ತಿದ ಆಳದ ಭಾಗಕ್ಕೆ. ಗೂಟಗಳ ಭಾಗ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಹತ್ತಲು ಇನ್ನೂ ಒಂದು ವಾರ ಹಿಡಿಯಿತು. ಆ ವಾರ ನಾನು ದಿನಕ್ಕೆರಡು ಬಾರಿ ಕೆರೆಗೆ ಹೋದೆ.

ನೀರು ಗೂಟದ ಬುಡವನ್ನು ಮುಟ್ಟಿದ ಮೂರನೆಯ ಬೆಳಿಗ್ಗೆ ಒಂದು ಹುಳು ಕಂಡಿತು, ಸಂಜೆಗೆ ಇಪ್ಪತ್ತಮೂರು. ಮರುದಿನ ಎಣಿಸುವುದನ್ನು ಬಿಟ್ಟೆ. ಚಿಪ್ಪುಗಳ ಮೇಲೆ ಒಣ ಮಣ್ಣಿನ ಪದರ ಹಾಗೆಯೇ ಇತ್ತು. ಎದ್ದವುಗಳಂತೆ ಏಳದವೂ ಇದ್ದವು. ಖಾಲಿ ಚಿಪ್ಪುಗಳು ನೀರಿನ ಮೇಲೆ ತೇಲಿ ಬಂದು ಏರಿಯ ಕಲ್ಲುಗಳಿಗೆ ತಾಗಿ ಟಕಟಕನೆ ಸದ್ದು ಮಾಡುತ್ತಿದ್ದವು. ಹೂಳೆತ್ತಿದ ಭಾಗದಲ್ಲಿ ಮೊದಲ ಹದಿನೈದು ದಿನ ಒಂದು ಹುಳುವೂ ಕಾಣಲಿಲ್ಲ. ಆಮೇಲೆ, ಈ ಕಡೆಯಿಂದಲೇ ಹೋದವೆಂದು ಕಾಣುತ್ತದೆ, ಅಲ್ಲೊಂದು ಇಲ್ಲೊಂದು ಉಸಿರಿನ ಕೊಳವೆ ನೀರಿನಿಂದ ಮೇಲೆದ್ದಿತು.

ಸೆಪ್ಟೆಂಬರಿನಲ್ಲಿ ಏರಿಯ ಒಳಮಗ್ಗುಲಿನಲ್ಲಿ ಮೊಟ್ಟೆಯ ಗುಳಿಗಳು ಕಂಡವು. ನಾಲ್ಕು ಬಾಯ್ಕಳಕ ಕೊಕ್ಕರೆಗಳು ಬಂದು ಹೂಳು ಉಳಿದ ಭಾಗದ ತೆಳುನೀರಿನಲ್ಲಿ ಇಳಿದವು. ನೀರುಗಂಟಿ ಅವನ್ನು ನೋಡಿ ನನ್ನ ಕಡೆ ತಿರುಗಲಿಲ್ಲ, ಏನೂ ಹೇಳಲಿಲ್ಲ. ತೂಬಿನ ಬಾಯಿಗೆ ಸಿಕ್ಕಿಕೊಂಡಿದ್ದ ಅಂತರಗಂಗೆಯನ್ನು ಎಳೆದು ಹಾಕುವುದರಲ್ಲಿಯೇ ಇದ್ದ. ಕೆರೆ ಮತ್ತೆ ಬತ್ತಿದಾಗ ಉಳಿದರ್ಧದ ಹೂಳನ್ನು ಎತ್ತುವುದೆಂದು ಊರಿನಲ್ಲಿ ಮಾತಾಗಿದೆ. ಅಷ್ಟರೊಳಗೆ ಕೋಡಿಯ ಕಡೆಯ ಹೊಸ ಕೆಸರಿಗೆ ಎಷ್ಟು ಹುಳುಗಳು ಇಳಿದು ನೆಲೆಸುತ್ತವೆಯೋ ನೋಡಬೇಕು. ನಾಲ್ಕು ಗೂಟಗಳನ್ನು ಕಿತ್ತು ಈಗ ಆ ಕಡೆಗೆ ನೆಟ್ಟಿದ್ದೇನೆ.